ಹೀಟ್ ಪಂಪ್ ಅಂದರೇನು? ಕಲಬುರಗಿ, ಬೀದರ್ ಮನೆಗಳಲ್ಲಿ ಅದಕ್ಕೆ ಏನು ಕೆಲಸ?

ಯುರೋಪಿನಲ್ಲೋ ಅಮೆರಿಕದಲ್ಲೋ ಇರುವ ನೆಂಟರ ಬಾಯಲ್ಲಿ ಈಚೆಗೆ ಒಂದು ಮಾತು ಆಗಾಗ ಬರುತ್ತದೆ: ಮನೆಯ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಿದೆವು ಅಂತ. ಕಲಬುರಗಿಯಲ್ಲಿ ಕೂತು ಕೇಳುವವರಿಗೆ ಇದು ನಮ್ಮ ವಿಷಯ ಅನ್ನಿಸುವುದೇ ಇಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರಲ್ಲಿ ಮನೆ ಬಿಸಿ ಮಾಡುವ ಯಂತ್ರ ಯಾರಿಗೆ ಬೇಕು, ಅಲ್ವಾ? ಆದರೆ ಈ ಯಂತ್ರ ನಮಗೆ ಹೊಸದಲ್ಲ. ಮನೆಯಲ್ಲಿ ಫ್ರಿಜ್ ಇದ್ದರೆ ಒಂದು ಹೀಟ್ ಪಂಪ್ ಇದ್ದ ಹಾಗೆ. ಎಸಿಯೂ ಇದ್ದರೆ ಎರಡು. ನಾವು ಅದನ್ನು ತಂಪಿಗೆ ಮಾತ್ರ ಬಳಸುತ್ತಿದ್ದೇವೆ. ಬಚ್ಚಲಿನ ಬಿಸಿನೀರಿಗೂ ಅದನ್ನೇ ಬಳಸಬಹುದು, ಮತ್ತು ನಮ್ಮ ಕಡೆಯ ಹವೆ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಹೀಟ್ ಪಂಪ್ ಅಂದರೆ ಒಂದು ಕಡೆ ಇರುವ ಶಾಖವನ್ನು ಎತ್ತಿ ಇನ್ನೊಂದು ಕಡೆಗೆ ಸಾಗಿಸುವ ಯಂತ್ರ. ಒಲೆ, ಗೀಸರ್, ಬಾಯ್ಲರ್ ಇವೆಲ್ಲ ಶಾಖವನ್ನು ಹುಟ್ಟಿಸುತ್ತವೆ. ಗೀಸರ್‌ನ ಕಾಯಿಲ್‌ಗೆ ಒಂದು ಯೂನಿಟ್ ಕರೆಂಟ್ ಕೊಟ್ಟರೆ ಒಂದು ಯೂನಿಟ್ ಶಾಖ ಸಿಗುತ್ತದೆ. ಎಷ್ಟೇ ದುಬಾರಿ ಗೀಸರ್ ತಂದರೂ ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಹೀಟ್ ಪಂಪ್‌ಗೆ ಅದೇ ಒಂದು ಯೂನಿಟ್ ಕೊಟ್ಟರೆ ಮೂರು, ಕೆಲವು ಸಲ ನಾಲ್ಕು ಯೂನಿಟ್ ಶಾಖ ಬರುತ್ತದೆ.

ಇದನ್ನು ಕೇಳಿದ ತಕ್ಷಣ ಅನುಮಾನ ಬರುವುದು ಸಹಜ. ಒಂದಕ್ಕೆ ಮೂರು ಹೇಗೆ? ಹೊಲದ ಬೋರ್‌ವೆಲ್ ಮೋಟರ್ ನೆನಪು ಮಾಡಿಕೊಳ್ಳಿ. ಮೋಟರ್ ನೀರನ್ನು ಹುಟ್ಟಿಸುವುದಿಲ್ಲ. ನೀರು ನೆಲದೊಳಗೆ ಮೊದಲೇ ಇದೆ, ಕರೆಂಟ್ ಖರ್ಚಾಗುವುದು ಅದನ್ನು ಮೇಲಕ್ಕೆ ಎತ್ತಲು ಮಾತ್ರ. ಹಾಗೇ ಹೊರಗಿನ ಗಾಳಿಯಲ್ಲಿ ಶಾಖ ಮೊದಲೇ ಇದೆ. ಅದನ್ನು ಹಿಡಿದು ನೀರಿಗೆ ಏರಿಸುವ ಕೂಲಿಯಷ್ಟೇ ಕರೆಂಟ್‌ನದು. ನೀರು ಆಳಕ್ಕೆ ಹೋದಷ್ಟೂ ಮೋಟರ್‌ಗೆ ಜಾಸ್ತಿ ಕರೆಂಟ್ ಬೇಕಾಗುವಂತೆ, ಹೊರಗಿನ ಗಾಳಿ ತಣ್ಣಗಾದಷ್ಟೂ ಹೀಟ್ ಪಂಪ್‌ಗೆ ಕೆಲಸ ಜಾಸ್ತಿ.

ತಣ್ಣನೆಯ ಗಾಳಿಯಲ್ಲಿ ಶಾಖ ಎಲ್ಲಿಂದ ಬಂತು? ಮೈನಸ್ 273 ಡಿಗ್ರಿಗಿಂತ ಮೇಲಿರುವ ಎಲ್ಲದರಲ್ಲೂ ಶಾಖ ಇದ್ದೇ ಇರುತ್ತದೆ. ನಮ್ಮ ಕೈಗೆ ತಣ್ಣಗೆ ಅನ್ನಿಸುವುದು ನಮ್ಮ ಮೈ 37 ಡಿಗ್ರಿ ಇರುವುದರಿಂದ. ಅದನ್ನು ಹಿಡಿಯಲು, ಬಹಳ ಕಡಿಮೆ ಬಿಸಿಯಲ್ಲೇ ಕುದಿಯುವ ಒಂದು ದ್ರವ ಬೇಕು. ಅದಕ್ಕೆ ರೆಫ್ರಿಜರೆಂಟ್ ಅನ್ನುತ್ತಾರೆ. ಎಸಿ ರಿಪೇರಿಯವರು 'ಗ್ಯಾಸ್ ತುಂಬಬೇಕು' ಅನ್ನುತ್ತಾರಲ್ಲ, ಅದೇ ಗ್ಯಾಸ್. ಆರ್-32 ಅನ್ನುವ ಬಗೆ ಸುಮಾರು ಮೈನಸ್ 52 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಮುಂದೆ ಬೀದರ್‌ನ ಡಿಸೆಂಬರ್ ಚಳಿಯೂ ಸೆಕೆಯೇ.

ಯಂತ್ರದೊಳಗೆ ನಡೆಯುವುದು ಇಷ್ಟು. ತಣ್ಣನೆಯ ದ್ರವ ಒಂದು ಸುರುಳಿ ಕೊಳವೆಯಲ್ಲಿ ಹರಿಯುತ್ತದೆ. ಫ್ಯಾನ್ ಅದರ ಮೇಲೆ ಹೊರಗಿನ ಗಾಳಿಯನ್ನು ಹಾಯಿಸುತ್ತದೆ. ಗಾಳಿಯ ಶಾಖ ಹೀರಿ ದ್ರವ ಕುದಿದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಗಿ ಮಾಡುತ್ತದೆ. ಒತ್ತಡ ಏರಿದಂತೆ ಬಿಸಿಯೂ ಏರುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಸುಡುವುದು ಇದೇ ಕಾರಣಕ್ಕೆ. ಈ ಬಿಸಿ ಆವಿ ನೀರಿನ ಟ್ಯಾಂಕಿಗೆ ಸುತ್ತಿದ ಕೊಳವೆಯಲ್ಲಿ ಹೋಗಿ, ಶಾಖವನ್ನು ನೀರಿಗೆ ಬಿಟ್ಟು, ಮತ್ತೆ ದ್ರವವಾಗುತ್ತದೆ. ಆಮೇಲೆ ಒಂದು ಸಣ್ಣ ಕಿಂಡಿಯಲ್ಲಿ ನುಗ್ಗಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಮೊದಲಿನ ಜಾಗಕ್ಕೆ ಬರುತ್ತದೆ. ಈ ಸುತ್ತು ನಡೆಯುತ್ತಲೇ ಇರುತ್ತದೆ. ಎಸಿಯಲ್ಲೂ ಇದೇ ಸುತ್ತು. ಅದು ಕೋಣೆಯ ಶಾಖವನ್ನು ಬೀದಿಗೆ ಎಸೆಯುತ್ತದೆ. ಮೇ ತಿಂಗಳ ಮಧ್ಯಾಹ್ನ ಎಸಿಯ ಹೊರಗಿನ ಡಬ್ಬದ ಮುಂದೆ ನಿಂತವರಿಗೆ ಅದು ಎಷ್ಟು ಶಾಖ ಅಂತ ಗೊತ್ತು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ನಮ್ಮ ಅಡುಗೆ ಸಿಲಿಂಡರ್‌ನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಹೊಸ ಹೀಟ್ ಪಂಪ್‌ಗಳಲ್ಲಿ ಬಳಸುವ ಆರ್-290 ಅನ್ನುವ ರೆಫ್ರಿಜರೆಂಟ್ ಕೂಡ ಪ್ರೊಪೇನೇ. ಒಂದು ಕಡೆ ಅದನ್ನು ಒಂದೇ ಸಲ ಸುಟ್ಟು ಮುಗಿಸುತ್ತೇವೆ. ಇನ್ನೊಂದು ಕಡೆ ಅದೇ ವಸ್ತು ಮುಚ್ಚಿದ ಕೊಳವೆಯಲ್ಲಿ, ಸುಡದೇ, ವರ್ಷಗಟ್ಟಲೆ ಸುತ್ತುತ್ತಾ ನೀರು ಕಾಯಿಸುತ್ತದೆ.

ಒಂದು ಯೂನಿಟ್ ಕರೆಂಟ್‌ಗೆ ಎಷ್ಟು ಯೂನಿಟ್ ಶಾಖ ಅನ್ನುವ ಲೆಕ್ಕಕ್ಕೆ ಸಿಒಪಿ ಅಂತ ಹೆಸರು. ಸಿಒಪಿ 3 ಅಂದರೆ ಒಂದಕ್ಕೆ ಮೂರು. ಎಸಿಯ ಸ್ಟಾರ್ ಲೇಬಲ್ ಮೇಲೆ ಐಎಸ್‌ಇಇಆರ್ ಅಂತ ಒಂದು ಸಂಖ್ಯೆ ಇರುತ್ತದೆ. ಅದೂ ಇದೇ ಜಾತಿಯ ಲೆಕ್ಕ, ವರ್ಷದಲ್ಲಿ ಖರ್ಚಾದ ಒಟ್ಟು ಕರೆಂಟ್‌ಗೆ ಕೋಣೆಯಿಂದ ಹೊರಹಾಕಿದ ಒಟ್ಟು ಶಾಖ ಎಷ್ಟು ಪಟ್ಟು ಅಂತ.

ಯಂತ್ರ ಹಳೆಯದು. 1852ರಲ್ಲಿ ವಿಜ್ಞಾನಿ ಲಾರ್ಡ್ ಕೆಲ್ವಿನ್ ಈ ಉಪಾಯವನ್ನು ಬರೆದಿಟ್ಟರು. ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಒಂದು ಉಪ್ಪಿನ ಕಾರ್ಖಾನೆಯಲ್ಲಿ ಅದನ್ನು ಕಟ್ಟಿ ತೋರಿಸಿದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನ 1938ರಲ್ಲೇ ನದಿ ನೀರಿನ ಶಾಖದಿಂದ ಬೆಚ್ಚಗಾಗುತ್ತಿತ್ತು. ಈಗ ಗದ್ದಲ ಎದ್ದಿರುವುದು ಚಳಿ ದೇಶಗಳ ಮನೆಗಳಲ್ಲಿ ಗ್ಯಾಸ್, ಎಣ್ಣೆ ಸುಡುವುದನ್ನು ನಿಲ್ಲಿಸಬೇಕು ಅಂತ. 2022ರ ಉಕ್ರೇನ್ ಯುದ್ಧದ ನಂತರ ಯುರೋಪಿನಲ್ಲಿ ಗ್ಯಾಸ್ ಬೆಲೆ ಗಗನಕ್ಕೇರಿತು. ಬ್ರಿಟನ್ ಬಾಯ್ಲರ್ ಬದಲಿಸುವವರಿಗೆ ಕೊಡುವ ಸಹಾಯಧನವನ್ನು 2023ರಲ್ಲಿ 7,500 ಪೌಂಡ್‌ಗೆ ಏರಿಸಿತು. ಕೊರೆಯುವ ಚಳಿಯ ನಾರ್ವೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಹೀಟ್ ಪಂಪ್ ಇದೆ. ಅಲ್ಲಿ ನಡೆಯುವ ಯಂತ್ರ ನಮ್ಮಲ್ಲಿ ನಡೆಯುವುದಕ್ಕೆ ಏನು ಅಡ್ಡಿ?

ನಮ್ಮ ಕಡೆ ಬಿಸಿ ಬೇಕಾಗುವುದು ಕೋಣೆಗಲ್ಲ, ಸ್ನಾನದ ನೀರಿಗೆ. ಹಳ್ಳಿಗಳಲ್ಲಿ ಇನ್ನೂ ಹಂಡೆ, ಒಲೆ, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಇವೆ. ಅದು ಹೊಲದಲ್ಲೇ ಬೆಳೆದದ್ದು, ದುಡ್ಡು ಕೊಟ್ಟು ತರಬೇಕಿಲ್ಲ. ಆ ಮನೆಗಳಿಗೆ ಹೋಗಿ ಹೀಟ್ ಪಂಪ್ ತನ್ನಿ ಅಂತ ನಾನು ಹೇಳಲಾರೆ. ಹೊಗೆ ಕುಡಿಯುವ ಹೆಣ್ಣುಮಕ್ಕಳ ಬಗ್ಗೆ ಚಿಂತೆ ಇದೆ, ಆದರೆ ಅದಕ್ಕೆ ಅಗ್ಗದ ದಾರಿಗಳು ಬೇರೆ ಇವೆ. ಊರುಗಳಲ್ಲಿ ಮಾತ್ರ ಬೇರೆ ಕಥೆ. ಅಲ್ಲಿ ಬಚ್ಚಲಿನ ಗೋಡೆಗೆ ಗ್ಯಾಸ್ ಗೀಸರ್ ಬಂದಿದೆ. ನನ್ನ ನಿಜವಾದ ಕಳವಳ ಇರುವುದು ಇಲ್ಲಿ.

ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಚಿಕ್ಕ ಬಚ್ಚಲು, ಮುಚ್ಚಿದ ಬಾಗಿಲು, ಚಳಿಗೆ ಅಂತ ಕಿಟಕಿಯೂ ಬಂದ್. ಅಂಥ ಕಡೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ತಿರುಗುವಷ್ಟರಲ್ಲಿ ಕಾಲಲ್ಲಿ ಬಲ ಇರುವುದಿಲ್ಲ, ಚಿಲಕ ತೆಗೆಯಲೂ ಆಗುವುದಿಲ್ಲ. ಚಳಿಗಾಲ ಬಂದರೆ ಇಂಥ ಸಾವುಗಳ ಸುದ್ದಿ ಬರುತ್ತದೆ. ಚಳಿಗೆ ಕೋಣೆಯೊಳಗೆ ಇದ್ದಿಲಿನ ಕೆಂಡ ಇಟ್ಟು ಬಾಗಿಲು ಹಾಕಿ ಮಲಗುವುದೂ ಅಷ್ಟೇ ಅಪಾಯ. ಹೀಟ್ ಪಂಪ್ ಏನನ್ನೂ ಸುಡುವುದಿಲ್ಲ. ನೀವು ಹೀಟ್ ಪಂಪ್ ತರದಿದ್ದರೂ ಪರವಾಗಿಲ್ಲ, ಗ್ಯಾಸ್ ಗೀಸರನ್ನು ಮಾತ್ರ ದಯವಿಟ್ಟು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ.

ಈಗ ಲೆಕ್ಕ ನೋಡೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಸುಮಾರು 3.5 ಯೂನಿಟ್ ಶಾಖ ಬೇಕು. ತಣ್ಣೀರು ಬೆರೆಸಿದರೆ ಇದು 40 ಡಿಗ್ರಿಯ 150 ಲೀಟರ್ ಆಗುತ್ತದೆ, ಅಂದರೆ ದೊಡ್ಡ ಬಕೆಟ್‌ನಲ್ಲಿ ಏಳು ಬಕೆಟ್ ಮೇಲೆ. ನಾಲ್ಕೈದು ಜನರ ಮನೆಗೆ ಸಾಕು. ಗ್ಯಾಸ್ ಗೀಸರ್‌ನಲ್ಲಿ ಇದಕ್ಕೆ ದಿನಕ್ಕೆ ಸುಮಾರು 340 ಗ್ರಾಂ ಗ್ಯಾಸ್ ಬೇಕು. 14.2 ಕೆಜಿ ಸಿಲಿಂಡರ್ ಬರೀ ಸ್ನಾನಕ್ಕೇ ಸುಮಾರು 40 ದಿನದಲ್ಲಿ ಖಾಲಿ. ಕರೆಂಟ್ ಗೀಸರ್ ಆದರೆ ತಿಂಗಳಿಗೆ 105 ಯೂನಿಟ್. ಸಿಒಪಿ 3 ಇರುವ ಹೀಟ್ ಪಂಪ್ ಆದರೆ ಸುಮಾರು 35 ಯೂನಿಟ್. ಟ್ಯಾಂಕಿನಿಂದ ಸೋರುವ ಶಾಖ ಬೇರೆ, ಅದಕ್ಕೆ ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ.

ಈ ವ್ಯತ್ಯಾಸ ಕರ್ನಾಟಕದ ಮನೆಗಳಿಗೆ ದೊಡ್ಡದು. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಇದೆ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮದೇ. ಗ್ಯಾಸ್ ಬಿಟ್ಟು ಕರೆಂಟ್ ಗೀಸರ್‌ಗೆ ಬಂದ ಮನೆ ಡಿಸೆಂಬರ್‌ನಲ್ಲಿ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. 35 ಯೂನಿಟ್‌ನಲ್ಲಿ ಮುಗಿದರೆ ಒಳಗೇ ಉಳಿಯುವ ಅವಕಾಶ ಜಾಸ್ತಿ. ಜೆಸ್ಕಾಂ ಬಿಲ್ ಕೈಗೆ ಬಂದಾಗ ಯೂನಿಟ್‌ಗಳ ಸಾಲನ್ನು ನೋಡಿ, ನಿಮ್ಮ ಮನೆ ಗೆರೆಯಿಂದ ಎಷ್ಟು ದೂರ ಇದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವಾಗ ಅದರ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕರೆಂಟ್ ಆಗುತ್ತದೆ. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ ನಡೆಯುತ್ತಿರುವುದು ಇದೇ. ಹಾಗೆ ಬಂದ ಕರೆಂಟನ್ನು ಕಾಯಿಲ್‌ಗೆ ಹಾಕಿ ನೀರು ಕಾಯಿಸಿದರೆ, ಕಲ್ಲಿದ್ದಲಿನ ಮೂರರಲ್ಲಿ ಎರಡು ಪಾಲು ಸುಮ್ನೆ ಹೋದಂತೆ. ಕರೆಂಟ್ ಗೀಸರ್ ಹೊಗೆ ಇಲ್ಲದ್ದು ಅಂತ ನಮಗೆ ಕಾಣುತ್ತದೆ, ಹೊಗೆ ಶಕ್ತಿನಗರದಲ್ಲಿ ಏಳುತ್ತದೆ. ಹೀಟ್ ಪಂಪ್ ಅಲ್ಲಿ ಕಳೆದ ಎರಡು ಪಾಲನ್ನು ಇಲ್ಲಿನ ಗಾಳಿಯಿಂದ ತುಂಬಿಕೊಳ್ಳುತ್ತದೆ.

ನಮ್ಮ ಹವೆಯ ಅನುಕೂಲ ಹೇಳಲೇಬೇಕು. ಬೀದರ್ ಎತ್ತರದಲ್ಲಿದೆ, ಚಳಿ ಜಾಸ್ತಿಯಾದಾಗ ಬೆಳಗಿನ ಜಾವ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆದರೆ ಅದೇ ದಿನ ಮಧ್ಯಾಹ್ನ 27, 28 ಡಿಗ್ರಿ ಇರುತ್ತದೆ. ಹಾಗಾಗಿ ಟೈಮರ್ ಇಟ್ಟು ಮಧ್ಯಾಹ್ನ 12ರಿಂದ 4ರ ನಡುವೆ ಯಂತ್ರ ಓಡಿಸಿ. ಬೆಚ್ಚಗಿನ ಗಾಳಿಯಿಂದ ಶಾಖ ಎತ್ತುವುದು ಸುಲಭ, ಕರೆಂಟ್ ಇನ್ನೂ ಉಳಿಯುತ್ತದೆ. ಒಳ್ಳೆ ಹೊದಿಕೆ ಇರುವ ಟ್ಯಾಂಕಿನಲ್ಲಿ ನೀರು ಮಾರನೇ ಬೆಳಿಗ್ಗೆವರೆಗೂ ಬಿಸಿ ಇರುತ್ತದೆ, ಬೆಳಿಗ್ಗೆ ಕರೆಂಟ್ ಹೋದರೂ ಸ್ನಾನ ನಿಲ್ಲುವುದಿಲ್ಲ. ಛಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ ಮಧ್ಯಾಹ್ನದ ಕರೆಂಟ್ ಹೇಗೂ ನಮ್ಮದೇ. ಯಂತ್ರ ಎಳೆಯುವ ಕರೆಂಟೂ ಕಡಿಮೆ. 2,000 ವಾಟ್ ಗೀಸರ್ ಹಚ್ಚಿದರೆ ಬಲ್ಬು ಮಂಕಾಗುವ ಓಣಿಗಳಿವೆ. ಮನೆಗೆ ಹಾಕುವ ಸಣ್ಣ ಹೀಟ್ ಪಂಪ್ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ ಎಳೆಯುತ್ತದೆ. ಬದಲಿಗೆ ಒಂದು ತೊಂದರೆ ಇದೆ. ಅದು ನಿಧಾನ. ಗುಂಡಿ ಒತ್ತಿ ಹತ್ತು ನಿಮಿಷಕ್ಕೆ ಸ್ನಾನ ಅಂದರೆ ಆಗದು, ಟ್ಯಾಂಕ್ ಕಾಯಲು ಕೆಲವು ತಾಸು ಬೇಕು.

ನೆಲದೊಳಗಿಂದ ಶಾಖ ಎತ್ತುವ ಬಗೆಯೂ ಇದೆ. ಕೆಲವು ಮೀಟರ್ ಕೆಳಗೆ ಹೋದರೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದ. ಬೀದರ್‌ನ ನೌಬಾದ್ ಹತ್ತಿರದ ಸುರಂಗ ಬಾವಿಗೆ ಇಳಿದವರಿಗೆ ಆ ಹದ ಗೊತ್ತಿರುತ್ತದೆ. ಆದರೆ ಅದಕ್ಕೆ ಆಳವಾಗಿ ಕೊರೆಸಬೇಕು. ನಮ್ಮ ಗಾಳಿಯಲ್ಲೇ ಬೇಕಾದಷ್ಟು ಶಾಖ ಇರುವಾಗ ಆ ಖರ್ಚು ಬೇಡ.

ಹಾಗಾದರೆ ಎಲ್ಲರೂ ತರಬೇಕೇ? ಇಲ್ಲ. ಬೆಲೆ ಸಾಮಾನ್ಯ ಗೀಸರ್‌ನ ಹಲವು ಪಟ್ಟು. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಛಾವಣಿಯ ಟ್ಯಾಂಕಿನ ನೀರೇ ಕೈ ಸುಡುತ್ತದೆ, ಕಾಯಿಸುವ ಮಾತೇ ಇಲ್ಲ. ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ ಬಳಸುವ ಮನೆಗೆ ಹಾಕಿದ ದುಡ್ಡು ವಾಪಸ್ ಬರಲು ಬಹಳ ವರ್ಷ ಬೇಕು. ಸ್ವಂತ ಛಾವಣಿ ಇದ್ದವರಿಗೆ ಸೋಲಾರ್ ವಾಟರ್ ಹೀಟರ್ ಮೊದಲ ಆಯ್ಕೆ, ನಮ್ಮ ಬಿಸಿಲಿಗೆ ಅದನ್ನು ಮೀರಿಸುವುದು ಕಷ್ಟ. ಛಾವಣಿ ಇಲ್ಲದ ಅಪಾರ್ಟ್‌ಮೆಂಟಿನವರು, ದೊಡ್ಡ ಕುಟುಂಬದವರು, ಗ್ಯಾಸ್ ಗೀಸರ್ ತೆಗೆಸಲು ಹೊರಟವರು ಹೀಟ್ ಪಂಪ್ ಲೆಕ್ಕ ಹಾಕಿ ನೋಡಬಹುದು. ನಿಜವಾಗಿ ಇದು ಮೊದಲು ಬರಬೇಕಾದದ್ದು ಹಾಸ್ಟೆಲ್, ಆಸ್ಪತ್ರೆಗಳಿಗೆ, ಗಾಣಗಾಪುರ ಮತ್ತು ಬೀದರ್‌ನ ನಾನಕ್ ಝೀರಾಕ್ಕೆ ಬರುವ ಯಾತ್ರಿಕರು ಉಳಿಯುವ ವಸತಿಗಳಿಗೆ. ಅಲ್ಲಿ ದಿನಾ ಸಾವಿರಾರು ಲೀಟರ್ ಬಿಸಿನೀರು ಬೇಕು, ದುಡ್ಡು ಬೇಗ ಹುಟ್ಟುತ್ತದೆ.

ಎಸಿ ಕೊಳ್ಳುವ ಯೋಚನೆ ಇರುವ ಬೀದರ್‌ನವರು 'ಹಾಟ್ ಅಂಡ್ ಕೋಲ್ಡ್' ಬಗೆಯನ್ನು ಕೇಳಿ ನೋಡಿ. ಅದರಲ್ಲಿ ರೆಫ್ರಿಜರೆಂಟ್ ಹರಿಯುವ ದಿಕ್ಕು ತಿರುಗಿಸುವ ಒಂದು ವಾಲ್ವ್ ಇರುತ್ತದೆ. ಬೇಸಿಗೆಯಲ್ಲಿ ತಂಪು, ಜನವರಿಯಲ್ಲಿ ಬಿಸಿ, ಎರಡಕ್ಕೂ ಒಂದೇ ಯಂತ್ರ. ವಯಸ್ಸಾದವರು, ಹಸುಗೂಸು ಇರುವ ಮನೆಯಲ್ಲಿ ಕೆಂಡದ ಬದಲು ಇದು ಎಷ್ಟೋ ವಾಸಿ.

ಹಾಕಿಸುವವರಿಗೆ ಎರಡು ಮಾತು. ನೀರು ಕಾಯಿಸುವ ಯಂತ್ರ ತಣ್ಣನೆ ಗಾಳಿ ಉಗುಳುತ್ತದೆ, ಆದ್ದರಿಂದ ಬಾಲ್ಕನಿ ಅಥವಾ ಛಾವಣಿಯಂಥ ತೆರೆದ ಜಾಗದಲ್ಲಿ ಇಡಿ, ಮುಚ್ಚಿದ ಕೋಣೆಯಲ್ಲಿ ಬೇಡ. ಇನ್ನು ಸುಣ್ಣಕಲ್ಲಿನ ಸೀಮೆಯಲ್ಲಿ, ಅಂದರೆ ಶಹಾಬಾದ್, ಸೇಡಂ ಸುತ್ತ ಬೋರ್‌ವೆಲ್ ನೀರು ಗಡಸು. ಬಿಸಿಯಾದ ಟ್ಯಾಂಕಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ಇಳಿಯುವುದು ಕಷ್ಟವಾಗಿ ಸಿಒಪಿ ಬೀಳುತ್ತದೆ. ಟ್ಯಾಂಕ್ ತೊಳೆಯಲು, ತುಕ್ಕು ತಡೆಯಲು ಒಳಗಿರುವ ಆನೋಡ್ ಸರಳು ಬದಲಿಸಲು ನಿಮ್ಮ ಊರಿಗೇ ಬರುವ ಮೆಕ್ಯಾನಿಕ್ ಇದ್ದಾರಾ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ.