ಮ್ಯಾಚ್ ಮುಗಿದ ಮೇಲೂ ಮೈಕ್ ಯಾಕೆ ಆನ್ ಇರುತ್ತದೆ?

ಮಕ್ಕಳ ಗೇಮಿಂಗ್ ವಿಷಯಕ್ಕೆ ನನ್ನ ಹತ್ತಿರ ಬರುವ ಅಪ್ಪ-ಅಮ್ಮಂದಿರು ಮೊದಲು ಹೇಳುವುದು ಗಂಟೆಯ ಲೆಕ್ಕ. ‘ದಿನಾ ನಾಲ್ಕು ಗಂಟೆ ಆಡ್ತಾನೆ ಮೇಡಂ’, ‘ರಾತ್ರಿ ಹನ್ನೊಂದಾದ್ರೂ ಹೆಡ್‌ಫೋನ್ ತೆಗೆಯಲ್ಲ’. ಗಂಟೆಯ ಲೆಕ್ಕ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಆಪ್ತಸಮಾಲೋಚಕಿಯಾಗಿ ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ ಇದೆ. ಯಾರ ಜೊತೆ ಆಡುತ್ತಾನೆ? ಮ್ಯಾಚ್ ಮುಗಿದ ಮೇಲೆ ಅವರೆಲ್ಲ ಏನು ಮಾತಾಡುತ್ತಾರೆ?

ಇದಕ್ಕೆ ಹೆಚ್ಚಿನ ಮನೆಗಳಲ್ಲಿ ಉತ್ತರ ಇರುವುದಿಲ್ಲ. ‘ಯಾರೋ ಆನ್‌ಲೈನ್‌ನವರು’ ಅನ್ನುತ್ತಾರೆ. ಅದೇ ಪ್ರಶ್ನೆಯನ್ನು ಹುಡುಗನಿಗೆ ಕೇಳಿ ನೋಡಿ. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತವನು ಮಾತಾಡಲು ಶುರು ಮಾಡುತ್ತಾನೆ. ಒಬ್ಬ ಕಲಬುರಗಿಯವನು, ಡಿಪ್ಲೊಮಾ ಓದುತ್ತಾನೆ, ಮನೆಯ ಮೇಲೆ ಪಾರಿವಾಳ ಸಾಕಿದ್ದಾನೆ. ಇನ್ನೊಬ್ಬ ಕುಂದಾಪುರದ ಕಡೆಯವನು, ಚೆಂಡೆ ಕಲಿಯುತ್ತಿದ್ದಾನೆ. ಮತ್ತೊಬ್ಬನಿಗೆ ಅಪ್ಪ ಇಲ್ಲ, ಬೆಳಿಗ್ಗೆ ಪೇಪರ್ ಹಾಕಿ ಕಾಲೇಜಿಗೆ ಹೋಗುತ್ತಾನೆ. (ಇಲ್ಲಿ ಬರುವ ಮಕ್ಕಳ ಊರು, ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ.) ಅಮ್ಮ ಪಕ್ಕದಲ್ಲೇ ಕೂತು ಆಶ್ಚರ್ಯದಿಂದ ಕೇಳುತ್ತಾರೆ. ಮಗನಿಗೆ ಇಷ್ಟು ಜನ ಗೆಳೆಯರಿದ್ದಾರೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ.

ಆಟ ಆಡದವರಿಗೆ ಇದು ಅರ್ಥವಾಗಬೇಕಾದರೆ ಆಟ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ನಮ್ಮ ಕಡೆ ಮಕ್ಕಳು ಜಾಸ್ತಿ ಆಡುವ ಬಿಜಿಎಂಐಯನ್ನೇ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಪಬ್‌ಜಿ ಮೊಬೈಲ್ ಆಟದ ಭಾರತದ ಆವೃತ್ತಿ) ತೆಗೆದುಕೊಳ್ಳಿ. ಒಂದು ಮ್ಯಾಚ್‌ಗೆ 100 ಆಟಗಾರರು, ಸ್ಕ್ವಾಡ್ ಅಂದರೆ ನಾಲ್ಕು ಜನ. ಎಲ್ಲರೂ ವಿಮಾನದಿಂದ ಹಾರಬೇಕು, ಗನ್ನು-ಹೆಲ್ಮೆಟ್ಟು ಹುಡುಕಬೇಕು, ಕಿರಿದಾಗುತ್ತಾ ಬರುವ ವೃತ್ತದೊಳಗೆ ಉಳಿಯಬೇಕು. ಕೊನೆಯವರೆಗೆ ಉಳಿದರೆ ಹೆಚ್ಚು ಕಮ್ಮಿ ಅರ್ಧ ಗಂಟೆ. ಹೊರಗಿನಿಂದ ನೋಡಿದರೆ ಪೂರ್ತಿ ಗುಂಡು, ಗಲಾಟೆ. ಒಳಗೆ ಖಾಲಿ ಸಮಯ ಬೇಕಾದಷ್ಟು. ಲಾಬಿಯಲ್ಲಿ, ಅಂದರೆ ಮ್ಯಾಚ್ ಶುರುವಾಗುವ ಮೊದಲಿನ ಪರದೆಯಲ್ಲಿ, ನಾಲ್ಕನೆಯವನು ಬರುವವರೆಗೆ ಕಾಯಬೇಕು. ಎರಾಂಗೆಲ್ ಅನ್ನುವ ಮ್ಯಾಪ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಗಾಡಿ ಸಿಗದಿದ್ದರೆ ಓಡಿಕೊಂಡೇ ಹೋಗಬೇಕು. ಮೊದಲೇ ಔಟ್ ಆದವನು ಉಳಿದವರ ಆಟ ನೋಡುತ್ತಾ ಕೂರಬೇಕು.

ಆ ಖಾಲಿ ಸಮಯದಲ್ಲಿ ಮೈಕ್ ಆನ್ ಇರುತ್ತದೆ. ಮಾತು ಅಲ್ಲಿ ಹುಟ್ಟುತ್ತದೆ. ‘ಊಟ ಆಯ್ತಾ ಮಗಾ?’ ‘ಏನಿಲ್ಲ, ಇವತ್ತೂ ಹಾಸ್ಟೆಲ್ ಚಿತ್ರಾನ್ನ.’ ‘ಇಂಟರ್ನಲ್ಸ್ ಏನಾಯ್ತೋ?’ ಹಿಂದೆ ಕುಕ್ಕರ್ ಕೂಗುತ್ತದೆ, ಅಜ್ಜಿ ಕರೆಯುತ್ತಾರೆ, ಯಾರದೋ ಬೀದಿಯಲ್ಲಿ ಗಣಪತಿ ಪೆಂಡಾಲಿನ ಹಾಡು. ಹುಬ್ಬಳ್ಳಿಯವನ ‘ಏನಲೇ’, ಮಂಗಳೂರಿನವನ ‘ಎಂತ ಮಾರಾಯ’, ಬೆಂಗಳೂರಿನವನ ‘ಗುರೂ’ ಒಂದೇ ಮೈಕಿನಲ್ಲಿ ಬೆರೆಯುತ್ತವೆ. ರಾಯಚೂರಿನ ಹುಡುಗ ಮೊದಲ ಸಲ ಚೆಂಡೆಯ ಸದ್ದನ್ನು ಕೇಳಿದ್ದು ಹೀಗೆ. ಕುಂದಾಪುರದ ಗೆಳೆಯ ಫೋನನ್ನು ಪಕ್ಕಕ್ಕಿಟ್ಟು ಎರಡು ನಿಮಿಷ ಬಾರಿಸಿ ತೋರಿಸಿದನಂತೆ. ನನಗೆ ಗೊತ್ತಿರುವ ಒಂದು ಗುಂಪಿನಲ್ಲಿ ಒಬ್ಬನಿಗೆ ಗಪ್ಪಿ ಮೀನು ಸಾಕುವ ಹುಚ್ಚು. ಅವನ ಮಾತು ಕೇಳಿ ಕೇಳಿ ಇನ್ನಿಬ್ಬರೂ ತೊಟ್ಟಿ ಇಟ್ಟರು. ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರವಾಗಿ ಸುರಿಯಬಾರದು, ಮರಿ ಹಾಕಿದ ಮೇಲೆ ತಾಯಿ ಮೀನನ್ನು ಬೇರೆ ಮಾಡಬೇಕು, ಇಲ್ಲದಿದ್ದರೆ ಅದೇ ಮರಿಗಳನ್ನು ತಿಂದುಬಿಡುತ್ತದೆ ಅನ್ನುವ ಪಾಠ ಎಲ್ಲ ಆಗಿದ್ದು ಮ್ಯಾಚಿನ ನಡುವೆ.

ಇದನ್ನು ಸುಮ್ನೆ ಹರಟೆ ಅಂತ ತಳ್ಳಿಹಾಕಲು ಆಗುವುದಿಲ್ಲ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವ ಪ್ರಾಧ್ಯಾಪಕರು ಸ್ನೇಹಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಅಂತ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯ ಅನ್ನಿಸಿಕೊಳ್ಳಲು 90 ಗಂಟೆ, ಆಪ್ತನಾಗಲು 200 ಗಂಟೆಗೂ ಜಾಸ್ತಿ ಬೇಕು ಅನ್ನುವುದು ಅವರ ಅಂದಾಜು. ಆದರೆ ಒಟ್ಟಿಗೆ ಕೆಲಸ ಮಾಡಿದ ಸಮಯಕ್ಕೆ ಅಷ್ಟು ಬೆಲೆ ಬರಲಿಲ್ಲ. ಬಿಡುವಿನಲ್ಲಿ ಒಟ್ಟಿಗೆ ಕಳೆದ ಸಮಯ, ನಗೆಚಾಟಿಕೆ, ‘ಇವತ್ತು ಏನಾಯ್ತು’ ಅನ್ನುವಂಥ ಮಾತು, ಇವು ಜನರನ್ನು ಹತ್ತಿರ ತಂದವು. ಅವರು ಆನ್‌ಲೈನ್ ಆಟದ ಬಗ್ಗೆ ಹೇಳಿದ್ದಲ್ಲ. ಆದರೂ ಲೆಕ್ಕ ಹಾಕಿ ನೋಡಿ. ವಾರದಲ್ಲಿ ನಾಲ್ಕು ರಾತ್ರಿ, ರಾತ್ರಿಗೆ ಒಂದೊಂದು ಗಂಟೆ ಒಟ್ಟಿಗೆ ಕೂತವರು ಒಂದು ವರ್ಷದಲ್ಲಿ ಆ 200 ಗಂಟೆ ದಾಟುತ್ತಾರೆ.

ಇನ್ನೊಂದು ಕಾರಣವನ್ನು ನನ್ನ ಕೋಣೆಯಲ್ಲೇ ಕಂಡಿದ್ದೇನೆ. ಹದಿಹರೆಯದವರಿಗೆ, ಅದರಲ್ಲೂ ಹುಡುಗರಿಗೆ, ಎದುರು ಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮನಸ್ಸಿನ ಮಾತು ಹೇಳುವುದು ಕಷ್ಟ. ಕೈಗೆ ಕೆಲಸ ಇದ್ದು, ಕಣ್ಣು ಬೇರೆ ಕಡೆ ಇದ್ದರೆ ಮಾತು ಸಲೀಸಾಗಿ ಬರುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವಾಗ ರಾತ್ರಿಯಿಡೀ ಮಾತು ನಡೆಯುತ್ತದಲ್ಲ, ಹಾಗೆ. ಅಪ್ಪನ ಕುಡಿತ, ಫೇಲಾದ ವಿಷಯ, ಹೇಳಿಕೊಳ್ಳಲಾಗದ ಪ್ರೀತಿ, ಇಂಥವನ್ನು ಎಷ್ಟೋ ಮಕ್ಕಳು ಮೊದಲು ಹೇಳಿಕೊಂಡಿರುವುದು ಸ್ಕ್ವಾಡಿನವನಿಗೆ. ಅವನು ಕ್ಲಾಸಿನವನಲ್ಲ, ನೆಂಟನಲ್ಲ. ಹೇಳಿದ್ದು ಊರಿಗೆ ಹಬ್ಬುವ ಭಯ ಇಲ್ಲ.

ಈ ಸ್ನೇಹಗಳು ಕಡಿದು ಹೋದಾಗ ಆಗುವ ನೋವನ್ನು ನಾವು ದೊಡ್ಡವರು ಗಂಭೀರವಾಗಿ ತೆಗೆದುಕೊಂಡಿಲ್ಲ ಅನ್ನುವುದು ನನ್ನ ದೂರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಭಾರತದ ಆಟಗಾರರಿಗೆ ಸರ್ವರ್ ಪೂರ್ತಿ ಬಂದ್ ಆಯಿತು. ಲಾಕ್‌ಡೌನಿನ ಕಾಲ, ಶಾಲೆ-ಕಾಲೇಜು ಮುಚ್ಚಿದ್ದವು. ಒಬ್ಬರಿಗೊಬ್ಬರು ಫೋನ್ ನಂಬರ್ ಕೊಟ್ಟುಕೊಂಡವರು ಉಳಿದುಕೊಂಡರು. ಆಟದೊಳಗಿನ ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲದವರು ಕಳೆದೇಹೋದರು. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಸ್ಟೋರ್‌ಗಳಿಂದ ಹೋಯಿತು, 2023ರ ಮೇನಲ್ಲಿ ತಿರುಗಿ ಬಂತು. ಆ ವರ್ಷಗಳಲ್ಲಿ ನನ್ನ ಹತ್ತಿರ ಬಂದ ಕೆಲವು ಮಕ್ಕಳು ಆಟ ಹೋಯಿತು ಅಂತ ಅಳಲಿಲ್ಲ. ‘ಅವನು ಹೇಗಿದ್ದಾನೋ ಗೊತ್ತಿಲ್ಲ, ಅವನ ಅಮ್ಮನಿಗೆ ಹುಷಾರಿರಲಿಲ್ಲ’ ಅಂತ ಅತ್ತರು.

ದೂರದ ದೇಶದ್ದಾದರೂ ನಾರ್ವೆಯ ಮ್ಯಾಟ್ಸ್ ಸ್ಟೀನ್ ವಿಷಯ ಹೇಳಲೇಬೇಕು. ಡುಶೆನ್ ಅನ್ನುವ ಸ್ನಾಯು ಕ್ಷೀಣಿಸುವ ಕಾಯಿಲೆ ಅವನಿಗೆ. ಕೊನೆಗೆ ಬೆರಳುಗಳಷ್ಟೇ ಆಡುತ್ತಿದ್ದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಇಬೆಲಿನ್ ಅನ್ನುವ ಹೆಸರಿನಲ್ಲಿ ವರ್ಷಗಟ್ಟಲೆ ಇದ್ದ. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಒಂಟಿಯಾಗಿಯೇ ಹೋದ ಅಂತ ಅಪ್ಪ-ಅಮ್ಮ ಅಂದುಕೊಂಡಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದಾಗ ಯೂರೋಪಿನ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ತನ್ನ ಮಗನ ಜೊತೆ ಮಾತು ಕಡಿಮೆಯಾಗಿದ್ದ ಒಬ್ಬ ತಾಯಿಗೆ ಮ್ಯಾಟ್ಸ್ ಆಟದ ಮೂಲಕವೇ ದಾರಿ ತೋರಿಸಿದ್ದ. ಅವನ ಗುಂಪಿನ ಕೆಲವರು ಅಂತ್ಯಸಂಸ್ಕಾರಕ್ಕೆ ವಿಮಾನ ಹತ್ತಿ ಬಂದರು. ಅವನ ಮೇಲೆ 2024ರಲ್ಲಿ ಸಾಕ್ಷ್ಯಚಿತ್ರವೂ ಬಂತು. ನನಗೆ ಇದರಲ್ಲಿ ತಟ್ಟುವುದು ಒಂದೇ ವಿಷಯ. ಆ ಅಪ್ಪ-ಅಮ್ಮ ಮಗನನ್ನು ಬಹಳ ಪ್ರೀತಿಸುತ್ತಿದ್ದರು, ಪಕ್ಕದಲ್ಲೇ ಇದ್ದರು. ಆದರೂ ಅವನ ಗೆಳೆಯರ ವಿಷಯ ಅವರಿಗೆ ಗೊತ್ತಾಗಿದ್ದು ಅವನು ಹೋದ ಮೇಲೆ.

ಹುಡುಗಿಯರ ಮಾತು ಬೇರೆ. ಅವರಿಗೆ ಮೈಕ್ ಆನ್ ಮಾಡುವುದೇ ಒಂದು ಲೆಕ್ಕಾಚಾರ. ದನಿ ಕೇಳಿದ ತಕ್ಷಣ ನಂಬರ್ ಕೇಳುವವರು, ಕೆಟ್ಟ ಮಾತಾಡುವವರು, ‘ಅಡುಗೆ ಮಾಡಕ್ಕೆ ಹೋಗು’ ಅನ್ನುವವರು ಸಿಗುತ್ತಾರೆ. ಹಾಗಾಗಿ ಎಷ್ಟೋ ಜನ ಹುಡುಗನ ಹೆಸರಿಟ್ಟುಕೊಂಡು, ಮೈಕ್ ಆಫ್ ಮಾಡಿ ಆಡುತ್ತಾರೆ. ಆಗ ಆಟ ಸಿಗುತ್ತದೆ, ಸ್ನೇಹ ಸಿಗುವುದಿಲ್ಲ. ನಾನು ಹುಡುಗಿಯರಿಗೆ ಹೇಳುವುದು, ಪರಿಚಯದ ಒಬ್ಬಿಬ್ಬರ ಜೊತೆ ಸ್ಕ್ವಾಡ್ ಕಟ್ಟಿಕೊಂಡು ಆಡಿ, ರ್‍ಯಾಂಡಮ್‌ಗಳ (ಆಟವೇ ಜೊತೆ ಸೇರಿಸುವ ಅಪರಿಚಿತರ) ಮೈಕ್ ಮ್ಯೂಟ್ ಮಾಡಿ, ರಿಪೋರ್ಟ್ ಒತ್ತಲು ಹಿಂಜರಿಯಬೇಡಿ. ಗಂಡುಮಕ್ಕಳ ಅಪ್ಪ-ಅಮ್ಮಂದಿರಿಗೂ ಒಂದು ಮಾತು. ನಿಮ್ಮ ಮಗ ಮೈಕಿನಲ್ಲಿ ಹುಡುಗಿಯರ ಜೊತೆ ಹೇಗೆ ಮಾತಾಡುತ್ತಾನೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ.

ಎಲ್ಲ ಆನ್‌ಲೈನ್ ಗೆಳೆಯರೂ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ವ್ಯತ್ಯಾಸ ಗುರುತಿಸಲು ನಾನು ಮಾತಿನ ವಿಷಯವನ್ನೇ ನೋಡುತ್ತೇನೆ. ಗೆಳೆಯನಾದವನು ತನ್ನ ದಿನವನ್ನೂ ಹೇಳುತ್ತಾನೆ, ನಿನ್ನ ದಿನವನ್ನೂ ಕೇಳುತ್ತಾನೆ. ಪರೀಕ್ಷೆ ಇದೆ ಅಂದರೆ ‘ಹೋಗಿ ಓದು’ ಅನ್ನುತ್ತಾನೆ. ಮೋಸದವನು ಮೊದಲು ಕೊಡುತ್ತಾನೆ: ಬಿಜಿಎಂಐನ ಯುಸಿ, ಫ್ರೀ ಫೈರ್‌ನ ಡೈಮಂಡ್ಸ್ (ಎರಡೂ ಆಟದೊಳಗಿನ ದುಡ್ಡು), ಒಂದು ಒಳ್ಳೆಯ ಸ್ಕಿನ್ (ಆಟದ ಪಾತ್ರ, ಗನ್ನುಗಳಿಗೆ ಹಾಕುವ ವೇಷ). ಆಮೇಲೆ ಗುಂಪಿನಿಂದ ಬೇರೆ ಮಾಡಿ ಖಾಸಗಿ ಚಾಟ್‌ಗೆ ಕರೆಯುತ್ತಾನೆ. ಫೋಟೊ ಕೇಳುತ್ತಾನೆ, ಒಟಿಪಿ ಕೇಳುತ್ತಾನೆ, ‘ಮನೇಲಿ ಹೇಳಬೇಡ’ ಅನ್ನುತ್ತಾನೆ. ಆ ಕೊನೆಯ ಮಾತು ಬಂದರೆ ಅಲ್ಲಿಗೆ ನಿಲ್ಲಿಸಬೇಕು ಅಂತ ಮಕ್ಕಳಿಗೆ ಚಿಕ್ಕವರಿದ್ದಾಗಲೇ ಹೇಳಿಕೊಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಗುವಿಗೆ ಬೈಯುವುದು ಆಮೇಲೂ ಆಗುತ್ತದೆ. ಮೊದಲೇ ಬೈದರೆ ಮುಂದಿನ ಸಲ ನಿಮಗೆ ಹೇಳುವುದೇ ಇಲ್ಲ. ಹಣ ಕಟ್ಟಿ ಆಡುವ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನ ಕಾನೂನಿನಲ್ಲಿ ನಿಷೇಧಿಸಿದೆ. ಅಂಥ ಆಟಕ್ಕೆ ಕರೆಯುವವನ ಜೊತೆ ಮಾತೇ ಬೇಡ.

ಇನ್ನು ಚಟ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದದ್ದೆಲ್ಲ ಹಿಂದೆ ಸರಿಯುವುದು, ತೊಂದರೆಯಾದರೂ ಆಡುತ್ತಲೇ ಇರುವುದು, ಇದು ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ಬರೀ ಜಾಸ್ತಿ ಆಡುವುದು ಕಾಯಿಲೆಯಲ್ಲ. ಆದರೆ ಈ ಲಕ್ಷಣಗಳೆಲ್ಲ ಕಾಣುವ ಮೊದಲೇ ಒಂದು ಬದಲಾವಣೆ ಆಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮಾತು ಬಡವಾಗುತ್ತದೆ. ಸಂಗೀತದ ಕೀಬೋರ್ಡ್ ಕ್ಲಾಸಿನ ವಿಷಯ ಹೇಳುತ್ತಿದ್ದವನು ನಿಲ್ಲಿಸುತ್ತಾನೆ. ವಾಲಿಬಾಲ್ ಬಿಡುತ್ತಾನೆ. ಗೆಳೆಯರು ಲಾಗೌಟ್ ಆದ ಮೇಲೂ ಗುರುತಿಲ್ಲದವರ ಜೊತೆ ಬೆಳಗಿನ ಜಾವದವರೆಗೆ ರ್‍ಯಾಂಕ್ ಪುಶ್ ಮಾಡುತ್ತಾನೆ (ಶ್ರೇಯಾಂಕ ಏರಿಸಲು ಆಡುತ್ತಲೇ ಇರುತ್ತಾನೆ). ಅಂದರೆ ಆಟ ಉಳಿಯಿತು, ಗೆಳೆಯರು ಹೋದರು. ಇದು ಕಂಡರೆ ತಡ ಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಅನ್ನುವ ಕ್ಲಿನಿಕ್ ಇದೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ಕೇಳಬಹುದು.

ಮನೆಯಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ಮ್ಯಾಚಿನ ನಡುವೆ ಫೋನ್ ಕಸಿಯಬೇಡಿ. ಈ ಆಟಗಳನ್ನು ನಡುವೆ ತಡೆದು ನಿಲ್ಲಿಸುವ ಪಾಸ್ (pause) ಬಟನ್ ಇಲ್ಲ. ನಡುವೆ ಎದ್ದು ಬಂದರೆ ಉಳಿದ ಮೂವರಿಗೆ ಕೈಕೊಟ್ಟ ಹಾಗೆ, ಅದು ಮಗುವಿಗೆ ಅವಮಾನ. ‘ಈ ಮ್ಯಾಚಿಗೆ ಇನ್ನೆಷ್ಟು ಹೊತ್ತು? ಮುಗಿಸಿ ಊಟಕ್ಕೆ ಬಾ’ ಅಂದರೆ ಬಹುತೇಕ ಮಕ್ಕಳು ಬರುತ್ತಾರೆ. ಬಿಜಿಎಂಐ 2023ರಲ್ಲಿ ತಿರುಗಿ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿತ್ತು. ಶಾಲೆ ಇರುವ ದಿನ ಅದೂ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಎಷ್ಟು ಅನ್ನುವುದನ್ನು ಮಗುವಿನ ಜೊತೆ ಕೂತು ಠರಾಯಿಸಿ, ಮತ್ತು ಆ ಸಮಯ ಅವನ ಗೆಳೆಯರು ಬರುವ ಹೊತ್ತಿಗೆ ಹೊಂದುವ ಹಾಗೆ ನೋಡಿ. ಮಧ್ಯಾಹ್ನ ಒಬ್ಬನೇ ಆಡುವ ಎರಡು ಗಂಟೆಗಿಂತ ರಾತ್ರಿ ಗೆಳೆಯರ ಜೊತೆ ಆಡುವ ಒಂದು ಗಂಟೆ ಮಗುವಿಗೆ ಒಳ್ಳೆಯದು.

ಆಮೇಲೆ, ಗೆಳೆಯರನ್ನು ಹೆಸರು ಹಿಡಿದು ವಿಚಾರಿಸಿ. ‘ಕಲಬುರಗಿ ಹುಡುಗನ ಪಾರಿವಾಳ ಮರಿ ಮಾಡ್ತಾ?’ ಅಂತ ಅಮ್ಮ ಕೇಳಿದ ಮನೆಯಲ್ಲಿ ಹುಡುಗ ಮುಂದಿನ ವಾರ ತಾನಾಗಿಯೇ ಆ ಗೆಳೆಯನನ್ನು ವಿಡಿಯೊ ಕಾಲಿನಲ್ಲಿ ಮಾತಾಡಿಸಿದ. ಎದುರಾಬದುರು ಭೇಟಿಯಾಗುತ್ತೇವೆ ಅಂದರೆ ಹೌಹಾರಬೇಡಿ. ಮೊದಲು ವಿಡಿಯೊ ಕಾಲ್, ಆಮೇಲೆ ಹಗಲು ಹೊತ್ತಿನಲ್ಲಿ ಜನ ಇರುವ ಜಾಗ, ಜೊತೆಗೆ ಮನೆಯ ದೊಡ್ಡವರೊಬ್ಬರು.

ಇದನ್ನು ಓದುತ್ತಿರುವ ಹುಡುಗ-ಹುಡುಗಿಯರಿಗೆ ಒಂದು ವಿಷಯ ನೇರವಾಗಿ ಹೇಳಬೇಕು. ನಿಮ್ಮ ಸ್ಕ್ವಾಡಿನವನ ದನಿ ಬದಲಾಗಿದ್ದು ಅವನ ಮನೆಯವರಿಗಿಂತ ಮೊದಲು ನಿಮಗೆ ಗೊತ್ತಾಗಬಹುದು. ಅವನು ‘ಸಾಕಾಗಿದೆ, ಇರೋದೇ ಬೇಡ ಅನ್ನಿಸ್ತಿದೆ’ ಅಂದರೆ ತಮಾಷೆ ಮಾಡಬೇಡಿ. ಆಟ ಬಿಟ್ಟು ಮಾತಾಡಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಅಂಥ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಅವನ ಮನೆಯ ಯಾರಾದರೊಬ್ಬರ ನಂಬರ್ ಇಸಿದುಕೊಂಡು ಅವರಿಗೆ ತಿಳಿಸಿ, ನಿಮ್ಮ ಮನೆಯ ದೊಡ್ಡವರಿಗೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗೆಳೆಯನ ವಿಷಯಕ್ಕೆ ನೀವೇ ಫೋನ್ ಮಾಡಿ ಏನು ಮಾಡಲಿ ಅಂತ ಕೇಳಬಹುದು. ಅವನ ಊರು, ಮನೆಯವರ ನಂಬರ್ ಇವತ್ತೇ ಕೇಳಿ ಇಟ್ಟುಕೊಳ್ಳಿ, ನಿಮ್ಮದನ್ನೂ ಅವನಿಗೆ ಕೊಡಿ. ಎಷ್ಟೋ ದಿನದಿಂದ ಒಟ್ಟಿಗೆ ಆಡುತ್ತಿರುವ ಆ ಮೂವರಿಗಷ್ಟೇ ಸಾಕು, ರ್‍ಯಾಂಡಮ್‌ಗಳಿಗೆ ಬೇಡ.