ಕಾಲಿನ್ ಮೆಕೆಂಝಿ: ಗುಡ್ಡದ ಮೇಲಿನ ಕೋನ, ಊರೊಳಗಿನ ಕೈಫಿಯತ್ತು

ಭೂಗೋಳ ಓದುವವರಿಗೆ ಮೆಕೆಂಝಿ ಒಬ್ಬ ಸರ್ವೆಯರ್, ಇತಿಹಾಸ ಓದುವವರಿಗೆ ಕೈಫಿಯತ್ತು (ಊರಿನವರನ್ನು ಕೇಳಿ ಬರೆದ ಊರಿನ ಚರಿತ್ರೆ) ಕೂಡಿಹಾಕಿದವನು. ಎರಡನ್ನೂ ಕೂಡಿಸಿ ಓದಿದರೇ ಅವನ ಕೆಲಸ ಅರ್ಥವಾಗುವುದು.

ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯ ಸೇರಿದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಹಂಪಿಯ ಮೊದಲ ಸರ್ವೆ ನಕ್ಷೆಯೂ ಅದೇ ವರ್ಷದ್ದು. ಮೈಸೂರು ಸರ್ವೆ 1800ರಿಂದ ಸುಮಾರು ಹತ್ತು ವರ್ಷ ನಡೆಯಿತು. 1811ರಲ್ಲಿ ಜಾವಾಕ್ಕೆ ಹೋದ. 1815ರಲ್ಲಿ ಭಾರತದ ಮೊದಲ ಸರ್ವೆಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ: 1767ರಲ್ಲಿ ಬಂಗಾಳದ ಸರ್ವೆಯರ್ ಜನರಲ್ ಆದವನು ರೆನೆಲ್, 1802ರಲ್ಲಿ ಮಹಾ ತ್ರಿಕೋನಮಿತಿ ಸರ್ವೆ ಶುರುಮಾಡಿದವನು ಲ್ಯಾಂಬ್ಟನ್.

ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂತು. ರಾಯಚೂರು, ಕೊಪ್ಪಳ ನಿಜಾಮನ ಕಡೆಯೇ ಉಳಿದವು. ಹೀಗಾಗಿ ತುಂಗಭದ್ರಾ ಹೊಳೆಯ ಎರಡು ದಡದ ದಾಖಲೆಗಳನ್ನು ಬೇರೆ ಬೇರೆ ಕಡೆ ಹುಡುಕಬೇಕು.

ಈಗ ಸರ್ವೆಯವರು ದೂರ ಅಳೆಯುವ ತ್ರಿಕೋನ. ಹಂಪಿಯ ಎದುರು ದಡದ ಆನೆಗೊಂದಿ ಬದಿಯ ಸಮತಟ್ಟು ಹೊಲದಲ್ಲಿ 500 ಮೀಟರ್ ಆಧಾರರೇಖೆ (ಲೆಕ್ಕಕ್ಕೆ ಆಧಾರವಾಗುವ ನೇರ ಗೆರೆ) ಅಳೆದಿದ್ದೀರಿ, ಹೊಳೆಯಾಚೆಯ ಗುಡ್ಡದ ತುದಿ ಕಾಣುತ್ತಿದೆ ಎಂದುಕೊಳ್ಳಿ. ಒಂದು ತುದಿಯಲ್ಲಿ ಕೋನ 62°, ಇನ್ನೊಂದರಲ್ಲಿ 75°. ಮೂರನೆಯದು 43°. ಸೈನ್ ಸೂತ್ರ ಹಾಕಿದರೆ ಮೊದಲ ತುದಿಯಿಂದ ಗುಡ್ಡಕ್ಕೆ 500 × ಸೈನ್ 75° ÷ ಸೈನ್ 43° = ಸುಮಾರು 708 ಮೀಟರ್. ಹೊಳೆ ದಾಟದೆಯೇ ದೂರ ಸಿಕ್ಕಿತು! 75° ಬದಲು 76° ಎಂದು ಬರೆದುಕೊಂಡರೆ 725 ಬರುತ್ತದೆ, 17 ಮೀಟರ್ ತಪ್ಪು. ಗುಡ್ಡ ಬಹಳ ದೂರವಿದ್ದು ಎರಡೂ ಕೋನ 85° ಆಗಿದ್ದರೆ? ಉತ್ತರ ಸುಮಾರು 2,868 ಮೀಟರ್. ಒಂದನ್ನು 86° ಎಂದು ಓದಿದರೆ 3,188. ತಪ್ಪು 300 ಮೀಟರ್ ಮೀರಿತು. ತ್ರಿಕೋನ ಸಣಕಲಾದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತದೆ. ಆದ್ದರಿಂದ ಯಾವ ಕೋನವೂ 30°ಗಿಂತ ಕಮ್ಮಿ ಬಾರದಂತೆ ನಿಲ್ಲುವ ಜಾಗ ಆರಿಸಿ. ಮೂರೂ ಮೂಲೆಗೆ ಹೋಗಲು ಆಗುವ ಕಡೆ ಮೂರನ್ನೂ ಅಳೆದು, ಮೊತ್ತ 180° ಬರುತ್ತದೋ ನೋಡಿ.

ಆಧಾರರೇಖೆಯೇ ತಪ್ಪಿದರೆ ಮುಂದಿನದೆಲ್ಲ ತಪ್ಪು. ಉಕ್ಕಿನ ಸರಪಳಿ ನಮ್ಮ ಬಿಸಿಲಿಗೆ ಹಿಗ್ಗುತ್ತದೆ: 15 ಡಿಗ್ರಿ ಸೆಲ್ಸಿಯಸ್ ಏರಿದರೆ ಕಿಲೋಮೀಟರಿಗೆ ಸುಮಾರು 18 ಸೆಂಟಿಮೀಟರ್. ಸರಪಳಿ ಉದ್ದವಾದಾಗ ಎಣಿಕೆ ಕಮ್ಮಿ ಬರುತ್ತದೆ, ಹೆಚ್ಚಲ್ಲ. ಇದನ್ನು ಬಹಳ ಜನ ತಿರುವುಮುರುವು ಬರೆಯುತ್ತಾರೆ. ಬೆಳಿಗ್ಗೆಯೇ ಅಳೆಯಿರಿ, ಉಷ್ಣತೆ ಬರೆದಿಡಿ.

ಊರುಗಳ ಸಂಗತಿ ಕೋನದಿಂದ ಸಿಗುವುದಿಲ್ಲ. ಅದಕ್ಕೆ ಮೆಕೆಂಝಿಗೆ ಕಾವಲಿ ಸೋದರರಾದ ಬೊರ್ರಯ್ಯ, ಲಕ್ಷ್ಮಯ್ಯನಂಥ ಸಹಾಯಕರಿದ್ದರು. ಊರೂರಿನ ಲೆಕ್ಕದವರನ್ನು, ಹಿರಿಯರನ್ನು ಕೇಳಿ, ಶಾಸನ ನಕಲು ಮಾಡಿ ತಂದವರು ಇಂಥವರೇ. ಅವರ ಹೆಸರಿಲ್ಲದೆ ಉತ್ತರ ಬರೆದರೆ ಅರ್ಧ ಬರೆದಂತೆ. ಆದರೆ ಕೈಫಿಯತ್ತನ್ನು ಓದುವಾಗ ಎಚ್ಚರ ಬೇಕು: ಇನಾಮಿನ ಹಕ್ಕು ಉಳಿಸಿಕೊಳ್ಳಲು ಹಳೆಯದನ್ನು ಇನ್ನಷ್ಟು ಹಳೆಯದು ಮಾಡಿ ಹೇಳುವುದುಂಟು. ಕ್ರಿ.ಶ. ವರ್ಷ ಬೇಕಾದರೆ ಶಕವರ್ಷಕ್ಕೆ 78 ಕೂಡಿಸಿ. ಪುಷ್ಯದ ಕೊನೆಯಿಂದ ಫಾಲ್ಗುಣದವರೆಗಾದರೆ 79. ಬರೀ ಸಂವತ್ಸರದ ಹೆಸರಿದ್ದರೆ ನಂಬಿ ಕೂರಬೇಡಿ, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಆ ಊರಿನ ಶಾಸನದೊಂದಿಗೆ ತಾಳೆ ನೋಡಿ.