ಸ್ಪಾರ್ಕ್ ಪ್ಲಗ್ ಬದಲಾವಣೆ: ಕಳಚುವುದು, ಓದುವುದು, ಕೂರಿಸುವುದು

ಮನೆಯಲ್ಲಿಯೇ ಸ್ಪಾರ್ಕ್ ಪ್ಲಗ್ ಬದಲಿಸಲು ಕಲಿಯುವವರ ಚಿಂತೆಯೆಲ್ಲ ಹಳೆಯದನ್ನು ಕಳಚುವುದರ ಬಗ್ಗೆಯೇ ಇರುತ್ತದೆ. ಹೊಸದನ್ನು ಕೂರಿಸುವ ಹಂತಕ್ಕೂ ಅಷ್ಟೇ ಗಮನ ಬೇಕು. ಪ್ಲಗ್‌ನ ಮೈ ಉಕ್ಕಿನದು. ಅದು ಕೂರುವ ಸಿಲಿಂಡರ್ ಹೆಡ್, ಅಂದರೆ ಎಂಜಿನ್‌ನ ಮೇಲ್ಭಾಗ, ಇಂದಿನ ಬಹುತೇಕ ಕಾರುಗಳಲ್ಲಿ ಅಲ್ಯೂಮಿನಿಯಂನದು. ಪ್ಲಗ್ ಓರೆಯಾಗಿ ಹೊಕ್ಕರೆ ಹಾಳಾಗುವುದು ಮೆತ್ತನೆಯ ಹೆಡ್‌ನ ಥ್ರೆಡ್ (ತಿರುಪಿನ ಸುತ್ತುಗಳು), ಮತ್ತು ಅದರ ರಿಪೇರಿಯೇ ದುಬಾರಿ.

ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್‌ಗಳಿಗೆ ಏರಿಸುತ್ತದೆ. ಆ ಒತ್ತಡದಲ್ಲಿ ಪ್ಲಗ್‌ನ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಗ್ಯಾಪ್ ದಾಟಿ ಕಿಡಿ ಹಾರಿ ಇಂಧನವನ್ನು ಹೊತ್ತಿಸುತ್ತದೆ. ಪ್ರತಿ ಕಿಡಿಯೂ ಲೋಹವನ್ನು ಕಣಕಣವಾಗಿ ತಿನ್ನುವುದರಿಂದ ಗ್ಯಾಪ್ ಕ್ರಮೇಣ ಅಗಲವಾಗಿ, ಕಾಯಿಲ್‌ನ ಮೇಲಿನ ಹೊರೆ ಹೆಚ್ಚುತ್ತದೆ. ನಿಕಲ್ ತುದಿಯ ಸಾಮಾನ್ಯ ಪ್ಲಗ್‌ಗಳನ್ನು ಸುಮಾರು 30,000ದಿಂದ 40,000 ಕಿ.ಮೀ.ಗೆ ಬದಲಿಸುವುದು ವಾಡಿಕೆ; ಇರಿಡಿಯಂ ಕರಗುವುದು 2,400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಆದ್ದರಿಂದ ಆ ತುದಿಯವು ಒಂದು ಲಕ್ಷ ಕಿ.ಮೀ.ವರೆಗೂ ಬಾಳಬಲ್ಲವು. ನಿಖರವಾದ ಅವಧಿಗೆ ಕಾರಿನ ಕೈಪಿಡಿಯೇ ಪ್ರಮಾಣ. ಸಿಎನ್‌ಜಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಅಂಥ ಕಾರುಗಳಲ್ಲಿ ಅವಧಿ ಇನ್ನೂ ಕಡಿಮೆ. ಡೀಸೆಲ್ ಕಾರಿಗಂತೂ ಸ್ಪಾರ್ಕ್ ಪ್ಲಗ್ಗೇ ಇಲ್ಲ.

ಅಂಗಡಿಯಲ್ಲಿ "ಇದೂ ಅದೇ ಸೈಜು" ಎಂದರೆ ಒಪ್ಪಬಾರದು. ಥ್ರೆಡ್ ಹೊಂದಿದರೂ ಶಾಖ ಹೊರಹಾಕುವ ಶಕ್ತಿ, ಅಂದರೆ ಹೀಟ್ ರೇಂಜ್, ಬೇರೆಯಾಗಿರಬಹುದು. ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಹೀಟ್ ರೇಂಜ್ ಸೂಚಿಸುವ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ಶಾಖವನ್ನು ಬೇಗ ಹೊರಹಾಕುತ್ತದೆ. ಬಾಷ್ ಕಂಪನಿಯದರಲ್ಲಿ ಲೆಕ್ಕ ತಿರುವುಮುರುವು. ಆದ್ದರಿಂದ ಅಂಕಿಗಳನ್ನು ಹೋಲಿಸದೆ, ಕೈಪಿಡಿಯಲ್ಲಿರುವ ಪಾರ್ಟ್ ನಂಬರನ್ನೇ ಕೇಳಿ ತರಬೇಕು.

ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಕಾಯಿಲ್ ಇರುವ, ಉದಾಹರಣೆಗೆ 2024ರವರೆಗಿನ ಮಾರುತಿ ಸ್ವಿಫ್ಟ್‌ನ 1,197 ಸಿಸಿ ಕೆ-ಸೀರೀಸ್‌ನಂಥ, ಎಂಜಿನ್ನನ್ನು ಇಲ್ಲಿ ಗಮನದಲ್ಲಿಟ್ಟುಕೊಳ್ಳೋಣ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೈ ಹಾಕಬೇಕು. ಬಿಸಿ ಹೆಡ್‌ನಿಂದ ಪ್ಲಗ್ ಕಳಚಿದರೆ ಥ್ರೆಡ್ ಕಿತ್ತು ಬರುವ ಸಂಭವವಿದೆ. ಕಾಯಿಲ್‌ಗೆ ಬರುವ ವೈರಿನ ಕನೆಕ್ಟರ್‌ನ ಲಾಕ್ ಒತ್ತಿ, ವೈರನ್ನು ಎಳೆಯದೆ ಬಿಡಿಸಿ, ಬೋಲ್ಟ್ ತೆಗೆದು, ಕಾಯಿಲ್ಲನ್ನು ಸ್ವಲ್ಪ ಹೊರಳಿಸುತ್ತ ಮೇಲೆತ್ತಬೇಕು. ಪ್ಲಗ್ ಸಡಿಲಿಸುವ ಮೊದಲು ಅದು ಕೂತಿರುವ ಗುಂಡಿಯಲ್ಲಿನ ಧೂಳನ್ನು ಗಾಳಿಯಿಂದ ಊದಿ ತೆಗೆಯುವುದನ್ನು ಮರೆಯಬಾರದು, ಏಕೆಂದರೆ ಅಲ್ಲಿನ ಮರಳು ನೇರ ಸಿಲಿಂಡರ್‌ನೊಳಗೆ ಬೀಳುತ್ತದೆ. ಒಳಗೆ ರಬ್ಬರ್ ಅಥವಾ ಅಯಸ್ಕಾಂತ ಇರುವ ಪ್ಲಗ್ ಸಾಕೆಟ್ಟೇ ಬೇಕು. ಈಗಿನ ಹಲವು ಕಾರುಗಳಿಗೆ 16 ಮಿ.ಮೀ., ಹಳೆಯವುಗಳಿಗೆ 21 ಮಿ.ಮೀ. ಅಳತೆಯದು ಹೊಂದುತ್ತದೆ.

ಕಳಚಿದ ಪ್ಲಗ್‌ಗಳನ್ನು ಸಿಲಿಂಡರ್‌ಗಳ ಸಾಲಿನಲ್ಲೇ ಜೋಡಿಸಿಟ್ಟು ನೋಡುವುದು ನನ್ನ ದೃಷ್ಟಿಯಲ್ಲಿ ಈ ಕೆಲಸದ ಅತ್ಯಂತ ಲಾಭದಾಯಕ ಹಂತ. ತಿಳಿಕಂದು ಅಥವಾ ಬೂದು ಬಣ್ಣವಿದ್ದರೆ ದಹನ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚಾಗಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿದೆ ಅಥವಾ ಕಾರು ಬಿಸಿಯೇರುವಷ್ಟು ದೂರ ಓಡುತ್ತಿಲ್ಲ. ಜಿಡ್ಡಿನ ಕಪ್ಪು ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿರುವುದರ ಗುರುತು. ಸುಟ್ಟು ಬಿಳುಪೇರಿ ಗುಳ್ಳೆ ಎದ್ದ ತುದಿ ಅತಿಶಾಖವನ್ನು ಸೂಚಿಸುತ್ತದೆ. ನಾಲ್ಕರಲ್ಲಿ ಒಂದೇ ಭಿನ್ನವಾಗಿದ್ದರೆ ಆ ಸಿಲಿಂಡರ್‌ನದೇ ತೊಂದರೆ. ಹೊಸ ಪ್ಲಗ್ ಅದನ್ನು ಕೆಲಕಾಲ ಮುಚ್ಚಿಡುತ್ತದೆ ಅಷ್ಟೇ.

ಇನ್ನು ಕೂರಿಸುವುದು. ಗ್ಯಾಪನ್ನು ಗೇಜಿನಿಂದ ಪರೀಕ್ಷಿಸಬೇಕು, ಆದರೆ ಇರಿಡಿಯಂನ ಸಪೂರ ತುದಿಯ ಮೇಲೆ ಬಲ ಬೀಳಬಾರದು. ರ‍್ಯಾಚೆಟ್ ಹಿಡಿಕೆಯನ್ನು ಬದಿಗಿಟ್ಟು, ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ನನ್ನು ಮಾತ್ರ ಬೆರಳುಗಳಲ್ಲಿ ಹಿಡಿದು ತಿರುಗಿಸಬೇಕು. ಮೊದಲು ಎಡಕ್ಕೆ ಮೆಲ್ಲನೆ ತಿರುಗಿಸಿದರೆ ಥ್ರೆಡ್‌ನ ಆರಂಭ ಸಿಕ್ಕಾಗ ಸಣ್ಣಗೆ "ಟಕ್" ಎಂದು ಬೀಳುವುದು ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಬೇಕು. ಒಂದೆರಡು ಸುತ್ತಿಗೇ ಬಿಗಿಯಾದರೆ ಪ್ಲಗ್ ಓರೆಯಾಗಿದೆ ಎಂದೇ ತಿಳಿದು ಹಿಂದಕ್ಕೆ ತೆಗೆಯಬೇಕು. ತಳ ಮುಟ್ಟಿದ ಮೇಲೆ ವಾಷರ್ ಇರುವ 14 ಮಿ.ಮೀ. ಥ್ರೆಡ್‌ನ ಹೊಸ ಪ್ಲಗ್‌ಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಾಕು. ಟಾರ್ಕ್ ವ್ರೆಂಚ್ ಇಲ್ಲದವರು ಸುಮಾರು ಅರ್ಧ ಸುತ್ತು ಬಿಗಿಯಬಹುದು. ಥ್ರೆಡ್‌ಗೆ ಗ್ರೀಸ್ ಸವರುವ ಅಭ್ಯಾಸ ಬೇಡ: ಜಾರಿಕೆಯಿಂದಾಗಿ ಅದೇ ಟಾರ್ಕ್‌ಗೆ ಪ್ಲಗ್ ಹೆಚ್ಚು ಬಿಗಿದುಬಿಡುತ್ತದೆ.

ಕಾಯಿಲ್‌ಗಳನ್ನು ಅವವುಗಳ ಜಾಗದಲ್ಲೇ ಕೂರಿಸಿ ಎಂಜಿನ್ ಚಾಲೂ ಮಾಡಿದಾಗ ಅದು ನಡುಗಿದರೆ, ಮೊದಲು ಶಂಕಿಸಬೇಕಾದದ್ದು ಪೂರ್ತಿ ಕೂರದ ಕನೆಕ್ಟರನ್ನು.